ಪಠ್ಯ ಪ್ರಾಂಪ್ಟ್‌ನಿಂದ ಶಸ್ತ್ರಚಿಕಿತ್ಸಾ ಉಪಕರಣಗಳ ಗುರುತು: ಟ್ರೇ ಫೋಟೊದಿಂದ ತುದಿಯ ಹಲ್ಲಿನವರೆಗೆ

ಟ್ರೇ ಮೇಲೆ ಹರಡಿಟ್ಟ ಹದಿನೈದು ಉಪಕರಣಗಳ ಫೋಟೊ ಕೊಟ್ಟು 'ಸಿಸರ್ಸ್' ಎಂದು ಟೈಪ್ ಮಾಡಿದರೆ ಗ್ರೌಂಡಿಂಗ್ ಡೈನೊದಂಥ ಎಐ ಮಾಡೆಲ್ ಕತ್ತರಿಯನ್ನು ಹುಡುಕಿ ಕೊಡುತ್ತದೆ. ಜೊತೆಗೆ ಆರ್ಟರಿ ಫೋರ್ಸೆಪ್ಸ್, ನೀಡಲ್ ಹೋಲ್ಡರ್, ಆಲಿಸ್, ಬ್ಯಾಬ್‌ಕಾಕ್, ಟವೆಲ್ ಕ್ಲಿಪ್ ಹೀಗೆ ಬೆರಳು ತೂರಿಸುವ ಎರಡು ಉಂಗುರ ಇರುವುದನ್ನೆಲ್ಲ ಕತ್ತರಿ ಎಂದೇ ಸಾಧಿಸುತ್ತದೆ. ಮಾಡೆಲ್ ಕೆಟ್ಟಿಲ್ಲ. ಅದು ಕಲಿತದ್ದು ಅಂತರ್ಜಾಲದ ಚಿತ್ರ ಮತ್ತು ಶೀರ್ಷಿಕೆಗಳಿಂದ. ಅಲ್ಲಿ ಕತ್ತರಿ ಲಕ್ಷಗಟ್ಟಲೆ ಇದೆ, ಬ್ಯಾಬ್‌ಕಾಕ್ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಈ ಕೆಲಸದಲ್ಲಿ ಉಪಕರಣದ ಹೆಸರು ಗೊತ್ತಿದ್ದರೆ ಸಾಲದು. ಹೆಸರು ಗೊತ್ತಿಲ್ಲದವನಿಗೆ ಅದನ್ನು ತಂದುಕೊಡು ಎನ್ನುವಾಗ ಹೇಗೆ ವರ್ಣಿಸುತ್ತೀರೋ ಹಾಗೆ ಬರೆಯಬೇಕು. ವರ್ಣನೆಗೂ ಸಿಗದ ವ್ಯತ್ಯಾಸ ಬಂದಾಗ ಪಠ್ಯವನ್ನು ಬಿಟ್ಟು ಅಳತೆ ಮತ್ತು ಹೋಲಿಕೆಗೆ ಇಳಿಯಬೇಕು. ಈ ಮಾರ್ಗದರ್ಶಿಯ ಹಂತಗಳು ಅದೇ ಕ್ರಮದಲ್ಲಿವೆ.

ಓದುವ ಅನುಕೂಲಕ್ಕೆ ಪ್ರಾಂಪ್ಟ್‌ಗಳನ್ನು (ಮಾಡೆಲ್‌ಗೆ ಟೈಪ್ ಮಾಡಿ ಕೊಡುವ ವರ್ಣನೆಗಳನ್ನು) ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು, ಅದೂ ಸಣ್ಣಕ್ಷರ. ಈ ಮಾಡೆಲ್‌ಗಳ ಪಠ್ಯ ಭಾಗ ತರಬೇತಿ ಪಡೆದದ್ದು ಹೆಚ್ಚುಕಡಿಮೆ ಇಂಗ್ಲಿಷಿನಲ್ಲೇ. 'ಕತ್ತರಿ' ಎಂದು ಕನ್ನಡದಲ್ಲಿ ಬರೆದರೆ ಅದಕ್ಕೆ ಏನೂ ಹೊಳೆಯುವುದಿಲ್ಲ. ಆದರೂ ಎಲ್ಲೋ ಒಂದು ಚೌಕಟ್ಟು ಹಾಕಿ ಕೊಡುತ್ತದೆ, ಅದು ಇನ್ನೂ ಅಪಾಯ.

ಯಾವ ಮಾಡೆಲ್, ಯಾವುದಕ್ಕೆ

ಮೂರು ಜಾತಿಯ ಸಾಧನಗಳು ಬೇಕಾಗುತ್ತವೆ. ಮೊದಲನೆಯದು ಪಠ್ಯ ಓದಿ ಚಿತ್ರದಲ್ಲಿ ಚೌಕಟ್ಟು ಹಾಕುವುದು. 2023ರ ಗ್ರೌಂಡಿಂಗ್ ಡೈನೊ ಮತ್ತು ಗೂಗಲ್‌ನ ಔಲ್ ವಿ2 ಎರಡೂ ಇದಕ್ಕೆ ಚೆನ್ನಾಗಿವೆ. ಎರಡೂ ಹಗ್ಗಿಂಗ್ ಫೇಸ್‌ನ ಟ್ರಾನ್ಸ್‌ಫಾರ್ಮರ್ಸ್ ಲೈಬ್ರರಿಯಲ್ಲಿ ಸಿಗುತ್ತವೆ. ಎರಡನೆಯದು ಚೌಕಟ್ಟಿನೊಳಗಿನ ವಸ್ತುವಿನ ಅಂಚನ್ನು ಬಿಡಿಸಿ ಮಾಸ್ಕ್ (ಆ ವಸ್ತುವಿನ ಪಿಕ್ಸೆಲ್‌ಗಳನ್ನಷ್ಟೇ ಆರಿಸಿದ ಆಕಾರ) ಕೊಡುವುದು, ಅಂದರೆ ಮೆಟಾ ಕಂಪನಿಯ ಸ್ಯಾಮ್. 2023ರಲ್ಲಿ ಬಂದ ಇದರ ಮೊದಲ ಆವೃತ್ತಿ 1.1 ಕೋಟಿ ಚಿತ್ರಗಳಲ್ಲಿ 100 ಕೋಟಿಗೂ ಹೆಚ್ಚು ಮಾಸ್ಕ್‌ಗಳ ಮೇಲೆ ಕಲಿತದ್ದು. 2024ರ ಸ್ಯಾಮ್ 2 ವಿಡಿಯೊದಲ್ಲೂ ಹಿಂಬಾಲಿಸುತ್ತದೆ. 2025ರ ಕೊನೆಯಲ್ಲಿ ಬಂದ ಸ್ಯಾಮ್ 3 ಚಿಕ್ಕ ನಾಮಪದಗುಚ್ಛ ಕೊಟ್ಟರೆ ಅಂಥವನ್ನೆಲ್ಲ ತಾನೇ ಹುಡುಕಿ ಮಾಸ್ಕ್ ಮಾಡುತ್ತದೆ. ಮೂರನೆಯದು ಚಿತ್ರಕ್ಕೆ ಚಿತ್ರ ಹೋಲಿಸಲು ಡೈನೊ ವಿ2. ಹೆಸರು ಒಂದೇ ಥರ ಇದ್ದರೂ ಇದಕ್ಕೂ ಗ್ರೌಂಡಿಂಗ್ ಡೈನೊಗೂ ಕೆಲಸದಲ್ಲಿ ಸಂಬಂಧವಿಲ್ಲ, ಗೊಂದಲ ಮಾಡಿಕೊಳ್ಳಬೇಡಿ.

ಗ್ರೌಂಡಿಂಗ್ ಡೈನೊದ ಚಿಕ್ಕ ಆವೃತ್ತಿ 8 ಜಿಬಿ ಮೆಮೊರಿಯ ಜಿಪಿಯುನಲ್ಲಿ ಆರಾಮಾಗಿ ಓಡುತ್ತದೆ. ಬರಿಯ ಸಿಪಿಯು ಇದ್ದರೂ ನಡೆಯುತ್ತದೆ, ಒಂದೊಂದು ಚಿತ್ರಕ್ಕೆ ಕೆಲವು ಸೆಕೆಂಡು ಕಾಯಬೇಕು ಅಷ್ಟೆ. ಸ್ಯಾಮ್‌ನಲ್ಲಿ ಮೊದಲು ಚಿಕ್ಕದಾದ 'ವಿಟ್-ಬಿ' ತೂಕವನ್ನೇ (ಕಲಿತ ಮಾಡೆಲ್‌ನ ಫೈಲನ್ನೇ) ಬಳಸಿ ನೋಡಿ. ಲೋಹದ ಉಪಕರಣದ ಅಂಚು ಬಟ್ಟೆಯ ಮೇಲೆ ಸ್ಪಷ್ಟವಾಗಿ ಕಾಣುವುದರಿಂದ ದೊಡ್ಡ ಆವೃತ್ತಿಯಿಂದ ಹೆಚ್ಚಿನ ಲಾಭ ಕಾಣುವುದು ಒಂದರ ಮೇಲೊಂದು ಬಿದ್ದ ಉಪಕರಣಗಳಲ್ಲಿ ಮಾತ್ರ.

ಹಂತ 1: ಫೋಟೊ

ಮುಕ್ಕಾಲು ತಪ್ಪುಗಳು ಹುಟ್ಟುವುದು ಇಲ್ಲೇ. ಪ್ರಾಂಪ್ಟ್ ತಿದ್ದುತ್ತಾ ದಿನ ಕಳೆಯುವ ಮೊದಲು ಬೆಳಕನ್ನು ತಿದ್ದಿ.

ಕ್ಯಾಮೆರಾ ಟ್ರೇಗೆ ನೇರ ಮೇಲಿರಲಿ, ಸ್ಟ್ಯಾಂಡಿನಲ್ಲಿ. ಫೋನ್ ಆದರೆ ಅತಿ ಅಗಲದ ಲೆನ್ಸ್ ಬೇಡ. ಅಂಚಿನಲ್ಲಿರುವ ಉಪಕರಣ ಎಳೆದಂತೆ ಉದ್ದವಾಗಿ, ಮುಂದೆ ಉದ್ದ ಅಳೆಯುವಾಗ ಲೆಕ್ಕ ತಪ್ಪುತ್ತದೆ. ಹಾಸು ಬಟ್ಟೆ ಹೊಳಪಿಲ್ಲದ ಹಸಿರು ಅಥವಾ ನೀಲಿ ಇರಲಿ. ಸ್ಟೀಲ್ ಟ್ರೇ ಮೇಲೆ ನೇರವಾಗಿ ಇಟ್ಟ ಸ್ಟೀಲ್ ಉಪಕರಣ ತನ್ನ ಪ್ರತಿಬಿಂಬದೊಂದಿಗೆ ಬೆರೆತು ಒಂದು ಕತ್ತರಿ ಎರಡಾಗಿ ಕಾಣುತ್ತದೆ.

ಪ್ರಖರ ಹೊಳಪಿಗೆ ಲೆನ್ಸ್ ಮೇಲೆ ಪೋಲರೈಸಿಂಗ್ ಫಿಲ್ಟರ್ ಹಾಕಿದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ಗಾಜು, ನೀರಿನ ಹೊಳಪಿಗೆ ಅದು ಸರಿ. ಲೋಹದಿಂದ ಪ್ರತಿಫಲಿಸಿದ ಬೆಳಕು ಹಾಗೆ ಧ್ರುವೀಕರಣಗೊಂಡಿರುವುದಿಲ್ಲ. ದೀಪದ ಮುಂದೆಯೂ ಒಂದು ಪೋಲರೈಸಿಂಗ್ ಹಾಳೆ ಕಟ್ಟಿ, ಲೆನ್ಸಿನ ಫಿಲ್ಟರನ್ನು ಅದಕ್ಕೆ 90 ಡಿಗ್ರಿ ತಿರುಗಿಸಿದಾಗ ಮಾತ್ರ ಲೋಹದ ಹೊಳಪು ಇಳಿಯುತ್ತದೆ. ಅಷ್ಟೆಲ್ಲ ಆಗದಿದ್ದರೆ ದೀಪದ ಮುಂದೆ ಬಿಳಿ ತೆಳು ಬಟ್ಟೆ ಕಟ್ಟಿ ಬೆಳಕನ್ನು ಚದುರಿಸಿ. ಅದರಿಂದಲೇ ದೊಡ್ಡ ವ್ಯತ್ಯಾಸ ಕಾಣುತ್ತದೆ.

ಫ್ರೇಮಿನ ಒಂದು ಮೂಲೆಯಲ್ಲಿ ಗೊತ್ತಿರುವ ಅಳತೆಯ ಗುರುತು ಇಡಿ. ಅಳತೆಪಟ್ಟಿ ಆದೀತು, ಅರುಕೊ ಮಾರ್ಕರ್ (ಕಂಪ್ಯೂಟರ್ ಸುಲಭವಾಗಿ ಗುರುತಿಸುವ ಕಪ್ಪು-ಬಿಳುಪು ಚೌಕ) ಇನ್ನೂ ಒಳ್ಳೆಯದು. ಪಿಕ್ಸೆಲ್ಲನ್ನು ಮಿಲಿಮೀಟರಿಗೆ ಇಳಿಸಲು ಬೇರೆ ದಾರಿ ಇಲ್ಲ.

ರೋಗಿಯ ಮುಖ, ಹೆಸರಿನ ಪಟ್ಟಿ, ಮಾನಿಟರಿನ ಅಕ್ಷರಗಳು ಫ್ರೇಮಿನೊಳಗೆ ಬಂದಿದ್ದರೆ ಚಿತ್ರವನ್ನು ಎಲ್ಲಿಗಾದರೂ ಅಪ್‌ಲೋಡ್ ಮಾಡುವ ಮೊದಲೇ ಕತ್ತರಿಸಿ ತೆಗೆಯಿರಿ. ಫೋನ್ ಫೋಟೊದೊಳಗೆ ಅಡಗಿರುವ ಸ್ಥಳ, ಸಮಯದ ಮಾಹಿತಿಯನ್ನೂ ಅಳಿಸಿ.

ಹಂತ 2: ಪಿಕ್ಸೆಲ್ ಲೆಕ್ಕ

ಈ ಲೆಕ್ಕ ಮಾಡದವರು ಮುಂದೆ ಪ್ರಾಂಪ್ಟನ್ನು ಬೈಯುತ್ತಾರೆ. 4000 × 3000 ಪಿಕ್ಸೆಲ್‌ನ ಫೋಟೊದಲ್ಲಿ 50 ಸೆಂಟಿಮೀಟರ್ ಅಗಲದ ಟ್ರೇ ತುಂಬಿದೆ ಎನ್ನಿ. ಒಂದು ಮಿಲಿಮೀಟರಿಗೆ 8 ಪಿಕ್ಸೆಲ್ ಸಿಕ್ಕಿತು. ಗ್ರೌಂಡಿಂಗ್ ಡೈನೊ ಚಿತ್ರವನ್ನು ಒಳಗೆ ತೆಗೆದುಕೊಳ್ಳುವಾಗ ಚಿಕ್ಕ ಬದಿಯನ್ನು 800ಕ್ಕೆ ಇಳಿಸುತ್ತದೆ (ದೊಡ್ಡ ಬದಿ 1333 ದಾಟದಂತೆ). ಅಂದರೆ ನಿಮ್ಮ ಚಿತ್ರ 1067 × 800 ಆಯಿತು, ಮಿಲಿಮೀಟರಿಗೆ ಎರಡು ಪಿಕ್ಸೆಲ್ ಚಿಲ್ಲರೆ ಉಳಿಯಿತು. ಔಲ್ ವಿ2 960ರ ಚೌಕಕ್ಕೆ ಇಳಿಸುತ್ತದೆ, ಅಲ್ಲಿ ಎರಡೂ ಪೂರ್ತಿ ಇಲ್ಲ. ಆಲಿಸ್ ಫೋರ್ಸೆಪ್ಸ್‌ನ ತುದಿಯ ಸಣ್ಣ ಹಲ್ಲುಗಳು, ಕೋಕರ್‌ನ ಒಂದಕ್ಕೆ ಎರಡರ ಹಲ್ಲು, ಕೆಲ್ಲಿಯ ಬಾಯಲ್ಲಿ ಅರ್ಧದವರೆಗೆ ಮಾತ್ರ ಇರುವ ಗೀರುಗಳು ಎರಡು ಪಿಕ್ಸೆಲ್ಲಿನಲ್ಲಿ ಉಳಿಯುವುದಿಲ್ಲ. ಮಾಡೆಲ್ ನೋಡದೇ ಇದ್ದದ್ದನ್ನು ಎಷ್ಟು ಚೆಂದದ ಪ್ರಾಂಪ್ಟ್ ಬರೆದರೂ ಹೇಳಿಸಲಾಗದು.

ಹಾಗಾದರೆ ಚಿತ್ರವನ್ನು ತುಂಡು ಮಾಡಿ ಕೊಟ್ಟರೆ? ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದು. ಲೆಕ್ಕ ಹಾಕಿ ನೋಡಿ. 18 ಸೆಂಟಿಮೀಟರಿನ ಉಪಕರಣ ಮೂಲ ಚಿತ್ರದಲ್ಲಿ 1440 ಪಿಕ್ಸೆಲ್ ಉದ್ದ. ಅದು ಯಾವುದಾದರೂ ಒಂದು ತುಂಡಿನಲ್ಲಿ ಇಡಿಯಾಗಿ ಸಿಗಲೇಬೇಕು ಎಂದರೆ ತುಂಡುಗಳು ಒಂದರ ಮೇಲೊಂದು ಕನಿಷ್ಠ 1440 ಪಿಕ್ಸೆಲ್ ಹಾಯಬೇಕು. 2000ರ ಚೌಕ, 1450ರ ಹಾಯುವಿಕೆ ಇಟ್ಟುಕೊಂಡರೆ ಅಡ್ಡಕ್ಕೆ 5, ಉದ್ದಕ್ಕೆ 3, ಒಟ್ಟು 15 ತುಂಡು. ಇಷ್ಟು ಕಷ್ಟಪಟ್ಟು ಸಿಗುವುದು ಮಿಲಿಮೀಟರಿಗೆ 3.2 ಪಿಕ್ಸೆಲ್. ಲಾಭ ಒಂದೂವರೆ ಪಟ್ಟು, ಖರ್ಚು ಹದಿನೈದು ಪಟ್ಟು. ಅದಕ್ಕಿಂತ ಇಡೀ ಚಿತ್ರದಲ್ಲಿ ಸ್ಥೂಲವಾಗಿ ಹುಡುಕಿ, ಸಿಕ್ಕಿದ ಪ್ರತಿ ಉಪಕರಣವನ್ನು ಮೂಲ ಫೋಟೊದಿಂದ ಪೂರ್ಣ ಗಾತ್ರದಲ್ಲಿ ಕತ್ತರಿಸಿಕೊಂಡು ಎರಡನೇ ಸುತ್ತಿನಲ್ಲಿ ನೋಡುವುದು ಮೇಲು. ತುಂಡು ಮಾಡುವ ವಿಧಾನವನ್ನು ಹೊಲಿಗೆ ಸೂಜಿಯಂಥ ಚಿಕ್ಕ ವಸ್ತುಗಳಿಗೆ ಮೀಸಲಿಡಿ. 4 ಸೆಂಟಿಮೀಟರ್ ಒಳಗಿನ ಸೂಜಿಗೆ 800ರ ಚೌಕ, 350ರ ಹಾಯುವಿಕೆ ಸಾಕು.

ಹಂತ 3: ಪ್ರಾಂಪ್ಟ್ ಬರೆಯುವುದು

ಗ್ರೌಂಡಿಂಗ್ ಡೈನೊಗೆ ಪ್ರಾಂಪ್ಟ್‌ಗಳನ್ನು ಒಂದೇ ಸಾಲಿನಲ್ಲಿ ಕೊಡುವುದು. ಪ್ರತಿ ಪದಗುಚ್ಛದ ಕೊನೆಗೆ ಚುಕ್ಕೆ ಕಡ್ಡಾಯ: 'ಸರ್ಜಿಕಲ್ ಸಿಸರ್ಸ್. ಮೆಟಲ್ ಟ್ವೀಜರ್ಸ್. ಸ್ಕಾಲ್ಪೆಲ್.' ಚುಕ್ಕೆ ಮರೆತರೆ ಎರಡು ಉಪಕರಣ ಕೂಡಿ ಒಂದೇ ವಸ್ತುವಿನ ವರ್ಣನೆಯಾಗುತ್ತದೆ. ಔಲ್ ವಿ2ಗೆ ಪಟ್ಟಿಯಾಗಿ ಕೊಡಬೇಕು, ಒಂದೊಂದು ಪ್ರಶ್ನೆ 16 ಟೋಕನ್ (ಪದ ಅಥವಾ ಪದದ ಚೂರು) ಮೀರುವಂತಿಲ್ಲ. ಉದ್ದ ವರ್ಣನೆಯ ಆಸೆ ಬಿಡಿ.

ಈಗ ಪದಗಳ ಆಯ್ಕೆ. ಆಡ್ಸನ್‌ನಂಥ, ಉಂಗುರವಿಲ್ಲದೆ ಚಿಮಟದಂತೆ ಒತ್ತಿ ಹಿಡಿಯುವ ಫೋರ್ಸೆಪ್ಸ್‌ಗೆ 'ಫೋರ್ಸೆಪ್ಸ್' ಎಂದು ಬರೆದರೆ ಉಂಗುರದವೂ ಬರುತ್ತವೆ, ಏಕೆಂದರೆ ಆ ಪದ ಎರಡಕ್ಕೂ ಸಲ್ಲುತ್ತದೆ. 'ಮೆಟಲ್ ಟ್ವೀಜರ್ಸ್' ಬರೆಯಿರಿ, ಕೂಡಲೇ ಬೇರೆಯಾಗುತ್ತದೆ. 'ಕ್ಲ್ಯಾಂಪ್' ಒಂದೇ ಪದವಾದರೆ ಮರಗೆಲಸದ ಬಿಗಿಕೀಲಿನ ಕಡೆ ವಾಲುತ್ತದೆ. 'ಲಾಕಿಂಗ್ ಕ್ಲ್ಯಾಂಪ್ ವಿತ್ ರಿಂಗ್ ಹ್ಯಾಂಡಲ್ಸ್' ಎಂದರೆ ಆರ್ಟರಿ ಫೋರ್ಸೆಪ್ಸ್ ಕುಟುಂಬಕ್ಕೆ ಹತ್ತಿರ. ಅದೇ ಕುಟುಂಬಕ್ಕೆ 'ಆರ್ಟರಿ ಫೋರ್ಸೆಪ್ಸ್'ಗಿಂತ 'ಹೀಮೊಸ್ಟ್ಯಾಟ್' ಪ್ರಯತ್ನಿಸಿ ನೋಡಿ, ಅಮೆರಿಕದ ಮಾರಾಟ ತಾಣಗಳ ಶೀರ್ಷಿಕೆಗಳಲ್ಲಿ ಓಡಾಡುವ ಪದ ಅದು. 'ನೀಡಲ್ ಡ್ರೈವರ್' ಸ್ಕ್ರೂಡ್ರೈವರ್ ಕಡೆ ಎಳೆಯುತ್ತದೆ, 'ನೀಡಲ್ ಹೋಲ್ಡರ್' ವಾಸಿ.

ಬ್ಲೇಡ್ ಸಿಕ್ಕಿಸದ ಸ್ಕಾಲ್ಪೆಲ್ ಹಿಡಿ ಒಂದು ವಿಶೇಷ ತಲೆನೋವು. 3ನೇ ನಂಬರಿನ ಹಿಡಿ (10, 11, 15ರ ಬ್ಲೇಡ್ ಕೂರುವುದು) ಟ್ರೇನಲ್ಲಿ ಬರಿದಾಗಿ ಮಲಗಿದ್ದಾಗ 'ಸ್ಕಾಲ್ಪೆಲ್' ಅದನ್ನು ಸರಿಯಾಗಿ ಹಿಡಿಯುವುದಿಲ್ಲ. 'ಫ್ಲ್ಯಾಟ್ ಮೆಟಲ್ ಹ್ಯಾಂಡಲ್' ಎಂದು ಇನ್ನೊಂದು ಪ್ರಾಂಪ್ಟ್ ಸೇರಿಸಿ. ಗಾಯದ ಅಂಚನ್ನು ಸರಿಸಿ ಹಿಡಿಯುವ ರಿಟ್ರ್ಯಾಕ್ಟರುಗಳಿಗೂ ಹೀಗೇ. ಡೀವರ್‌ಗೆ 'ಕರ್ವ್ಡ್ ಮೆಟಲ್ ಸ್ಟ್ರಿಪ್', ಲ್ಯಾಂಗನ್‌ಬೆಕ್‌ಗೆ 'ಎಲ್ ಶೇಪ್ಡ್ ಮೆಟಲ್ ಹುಕ್ ವಿತ್ ಹ್ಯಾಂಡಲ್'.

ಪ್ರತಿ ವರ್ಗಕ್ಕೆ ಮೂರರಿಂದ ಐದು ವರ್ಣನೆ ಬರೆದು, ಎಲ್ಲವನ್ನೂ ಒಂದು ಕೋಷ್ಟಕದ ಮೂಲಕ ಒಂದೇ ವರ್ಗಕ್ಕೆ ಜೋಡಿಸಿ. ಒಂದೇ ಜಾಗದಲ್ಲಿ ಹಲವು ಬಿದ್ದರೆ ಗರಿಷ್ಠ ಸ್ಕೋರನ್ನು (ಮಾಡೆಲ್ ತನ್ನ ಉತ್ತರಕ್ಕೆ ಕೊಡುವ ಅಂಕ) ತೆಗೆದುಕೊಳ್ಳಿ.

ಕೆಲಸ ಮಾಡದ ಪ್ರಾಂಪ್ಟ್‌ಗಳಿವೆ. 'ಇಲ್ಲ', 'ಇಲ್ಲದ' ಎಂಬುದು ಈ ಮಾಡೆಲ್‌ಗಳಿಗೆ ಬಹುತೇಕ ಕೇಳಿಸುವುದೇ ಇಲ್ಲ. 'ಫೋರ್ಸೆಪ್ಸ್ ವಿದೌಟ್ ಟೀತ್' ಎಂದರೆ ಹಲ್ಲಿರುವುದನ್ನೇ ತೋರಿಸೀತು, ಅದಕ್ಕೆ ಸಿಕ್ಕ ಸುಳಿವು 'ಟೀತ್' ಎಂಬುದೊಂದೇ. ಎಡ, ಬಲ, ಮೂರನೆಯದು ಎಂಬಂಥ ಸ್ಥಾನವಾಚಕಗಳೂ ನೆಚ್ಚಿಕೆಗೆ ಸಲ್ಲ. ಸ್ಥಾನವನ್ನು ಚೌಕಟ್ಟಿನ ಅಂಕಿಗಳಿಂದ ನೀವೇ ಲೆಕ್ಕ ಹಾಕಿ. ಮೆಟ್ಸೆನ್‌ಬಾಮ್‌ನಂಥ ವ್ಯಕ್ತಿನಾಮ ಟೋಕನೈಸರಿನಲ್ಲಿ ಹಲವು ಚೂರಾಗಿ ಒಡೆಯುತ್ತದೆ. 'ಮೆಟ್ಸೆನ್‌ಬಾಮ್ ಸಿಸರ್ಸ್' ಎಂದಾಗ ಉತ್ತರ ಸರಿ ಬಂದಂತೆ ಕಂಡರೆ, ಅದರಲ್ಲಿ ಕೆಲಸ ಮಾಡಿದ್ದು ಎರಡನೇ ಪದ. ಪರೀಕ್ಷೆ ಸುಲಭ: ಮೊದಲ ಪದ ತೆಗೆದು ಮತ್ತೆ ಓಡಿಸಿ. ಚೌಕಟ್ಟುಗಳು ಹಾಗೇ ಉಳಿದರೆ ಆ ಹೆಸರು ಬರೀ ಅಲಂಕಾರ.

ಕೊನೆಗೆ, ಬೇಡದ ವಸ್ತುಗಳಿಗೂ ಪ್ರಾಂಪ್ಟ್ ಕೊಡಿ: 'ಮೆಟಲ್ ಟ್ರೇ', 'ಗ್ಲೋವ್ಡ್ ಹ್ಯಾಂಡ್', 'ವೈಟ್ ಗಾಜ್', 'ಕಿಡ್ನಿ ಶೇಪ್ಡ್ ಮೆಟಲ್ ಬೌಲ್'. ಇವಕ್ಕೆ ತಮ್ಮದೇ ಹೆಸರು ಸಿಕ್ಕರೆ ಉಪಕರಣದ ಹೆಸರನ್ನು ಕದಿಯುವುದಿಲ್ಲ. ಫಲಿತಾಂಶ ಬಂದ ಮೇಲೆ ಈ ವರ್ಗಗಳನ್ನೂ, ಚಿತ್ರದ ಅರ್ಧಕ್ಕಿಂತ ದೊಡ್ಡ ಚೌಕಟ್ಟುಗಳನ್ನೂ ಎಸೆಯಿರಿ.

ಹಂತ 4: ಮಿತಿ ಮತ್ತು ಸ್ಕೋರ್

ಸ್ಕೋರು ಎಷ್ಟಕ್ಕಿಂತ ಕಡಿಮೆಯಾದರೆ ಬಿಡಬೇಕು ಎಂದು ಹೇಳುವ ಎರಡು ಮಿತಿಗಳು ಗ್ರೌಂಡಿಂಗ್ ಡೈನೊದಲ್ಲಿವೆ. ಚೌಕಟ್ಟಿನದು ಸಾಮಾನ್ಯವಾಗಿ 0.35, ಪಠ್ಯದ್ದು 0.25. ಮೊದಲ ಓಟಕ್ಕೆ ಚೌಕಟ್ಟಿನ ಮಿತಿಯನ್ನು 0.25ಕ್ಕೆ ಇಳಿಸಿ, ಏನೇನು ಸಿಗುತ್ತದೆ ನೋಡಿ. ಹೆಚ್ಚು ಸಿಕ್ಕದ್ದನ್ನು ಆಮೇಲೆ ಜರಡಿ ಹಿಡಿಯಬಹುದು, ಸಿಗದೇ ಹೋದದ್ದು ಮುಂದೆ ಎಲ್ಲೂ ಸಿಗದು. ಪಠ್ಯದ ಮಿತಿ ಚೌಕಟ್ಟಿಗೆ ಯಾವ ಪದಗಳು ಅಂಟಬೇಕು ಎಂಬುದನ್ನು ನಿರ್ಧರಿಸುತ್ತದೆ. ಅದು ತೀರಾ ಕೆಳಗಿದ್ದರೆ 'ಸಿಸರ್ಸ್ ಕ್ಲ್ಯಾಂಪ್' ಎಂಬ ಕಲಸುಮೇಲೋಗರ ಹೆಸರು ಬರುತ್ತದೆ. ಹಾಗೆ ಬಂದರೆ ಪ್ರಾಂಪ್ಟ್‌ಗಳನ್ನು ಒಟ್ಟಿಗೆ ಕೊಡುವ ಬದಲು ಒಂದೊಂದಾಗಿ ಓಡಿಸಿ. ನಿಧಾನ, ಆದರೆ ಯಾವ ಚೌಕಟ್ಟು ಯಾವ ಪ್ರಾಂಪ್ಟಿನದು ಎಂಬ ಅನುಮಾನ ಉಳಿಯದು.

ಔಲ್ ವಿ2ರಲ್ಲಿ ಸ್ಕೋರುಗಳೇ ಕಡಿಮೆ ಇರುತ್ತವೆ, 0.1ರಿಂದ ಶುರು ಮಾಡಿ. ಅಲ್ಲಿ ಪ್ರತಿ ಪ್ರಶ್ನೆಗೂ ಸ್ಕೋರು ಪ್ರತ್ಯೇಕ. ಎಲ್ಲ ಕೂಡಿ 1 ಆಗುವುದಿಲ್ಲ, ಆದ್ದರಿಂದ ಅದನ್ನು ಸಂಭವನೀಯತೆ ಎಂದು ಓದಬೇಡಿ. ಸಾಮಾನ್ಯ ಪದಗಳಿಗೆ ಸಹಜವಾಗಿ ಹೆಚ್ಚು, ಅಪರೂಪದ ಪದಗಳಿಗೆ ಕಡಿಮೆ. 'ಸಿಸರ್ಸ್' 0.5ರಲ್ಲಿ ತಪ್ಪಾಗಿ, 'ನೀಡಲ್ ಹೋಲ್ಡರ್' 0.2ರಲ್ಲಿ ಸರಿಯಾಗಿ ಬರುವುದು ದಿನನಿತ್ಯದ ಮಾತು. ಹಾಗಾಗಿ ಎಲ್ಲಕ್ಕೂ ಒಂದೇ ಮಿತಿ ಇಡುವುದು ತಪ್ಪು. ಪ್ರಾಂಪ್ಟಿಗೊಂದು ಮಿತಿ ಇರಲಿ.

ಔಲ್ ವಿ2ರ ಇನ್ನೊಂದು ಕಾಟ: ಚೌಕಟ್ಟುಗಳೆಲ್ಲ ಒಂದೇ ದಿಕ್ಕಿಗೆ ಜರುಗಿದಂತೆ ಅಥವಾ ಕುಗ್ಗಿದಂತೆ ಬಂದರೆ ಮಾಡೆಲ್‌ನ ತಪ್ಪಲ್ಲ. ಅದು ಚಿತ್ರವನ್ನು ಕೆಳಗೆ ಅಥವಾ ಬಲಕ್ಕೆ ಪಟ್ಟಿ ಸೇರಿಸಿ ಚೌಕ ಮಾಡಿಕೊಂಡಿರುತ್ತದೆ. 4000 × 3000ರ ಚಿತ್ರಕ್ಕೆ ಉತ್ತರ ಬರುವುದು 4000 × 4000ರ ಲೆಕ್ಕದಲ್ಲಿ, 0ರಿಂದ 1ರ ನಡುವಿನ ಅಂಕಿಗಳಾಗಿ. ಎತ್ತರವನ್ನು 3000ದಿಂದ ಗುಣಿಸಿದರೆ ಚೌಕಟ್ಟು ಮೇಲಕ್ಕೆ ಜಾರುತ್ತದೆ. ಎರಡಕ್ಕೂ ದೊಡ್ಡ ಬದಿಯಿಂದಲೇ ಗುಣಿಸಿ. ಕೆಲವು ಲೈಬ್ರರಿ ಆವೃತ್ತಿಗಳು ಇದನ್ನು ತಾವೇ ಮಾಡುತ್ತವೆ, ಒಂದು ಚಿತ್ರ ಬಿಡಿಸಿ ನೋಡಿ ಖಚಿತಪಡಿಸಿಕೊಳ್ಳಿ.

ಹಂತ 5: ಓರೆ ಉಪಕರಣಗಳು ಮಾಯವಾಗುವ ಬಗೆ

ಉದ್ದ, ತೆಳು ವಸ್ತುಗಳಿಗೆ ನೆಟ್ಟಗಿನ ಚೌಕಟ್ಟು ಒಗ್ಗುವುದಿಲ್ಲ. 45 ಡಿಗ್ರಿ ಓರೆಯಾಗಿ ಮಲಗಿದ 18 ಸೆಂಟಿಮೀಟರಿನ, ಚಿಮಟದಂಥ ಎರಡು ತೆಳು ಫೋರ್ಸೆಪ್ಸ್ ಅಕ್ಕಪಕ್ಕ ಇವೆ ಎನ್ನಿ. ಪ್ರತಿಯೊಂದರ ಚೌಕಟ್ಟು ಸುಮಾರು 1000 × 1000 ಪಿಕ್ಸೆಲ್. ಎರಡರ ನಡುವೆ ಅಡ್ಡಕ್ಕೆ 100 ಪಿಕ್ಸೆಲ್ ಅಂತರ. ಲೋಹಕ್ಕೆ ಲೋಹ ತಾಗಿಲ್ಲ, ಆದರೆ ಚೌಕಟ್ಟುಗಳ ಸಮಾನ ಭಾಗ 900 × 1000, ಕೂಡಿದ ಭಾಗ 1100 × 1000. ಅನುಪಾತ 0.82. ಒಂದೇ ವಸ್ತುವಿನ ನಕಲು ಚೌಕಟ್ಟುಗಳನ್ನು ತೆಗೆಯುವ ಎನ್ಎಂಎಸ್ ಹಂತದಲ್ಲಿ ಸಾಮಾನ್ಯ ಮಿತಿ 0.5. ಹಾಗಾಗಿ ಎರಡನೇ ಫೋರ್ಸೆಪ್ಸನ್ನು ನಕಲೆಂದು ಅಳಿಸಿಬಿಡುತ್ತದೆ. ಟ್ರೇನಲ್ಲಿ ಆರು ಇದ್ದು ಎಣಿಕೆ ನಾಲ್ಕೇ ಬಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನು.

ದಾರಿ ಎರಡಿವೆ. ಉಪಕರಣಗಳನ್ನು ನೆಟ್ಟಗೆ ಜೋಡಿಸಿಯೇ ಫೋಟೊ ತೆಗೆಯಿರಿ, ಅಥವಾ ಚಿತ್ರವನ್ನು ತಿರುಗಿಸಿ ಕೊಡಿ. ಅದು ಆಗದಿದ್ದರೆ ಎನ್ಎಂಎಸ್ ಮಿತಿಯನ್ನು 0.9ಕ್ಕೆ ಏರಿಸಿ, ಎಲ್ಲ ಚೌಕಟ್ಟುಗಳನ್ನೂ ಸ್ಯಾಮ್‌ಗೆ ಕೊಟ್ಟು ಮಾಸ್ಕ್ ಮಾಡಿಸಿ, ಆಮೇಲೆ ಮಾಸ್ಕ್‌ಗಳ ನಡುವೆ ಹೋಲಿಸಿ ನಕಲು ತೆಗೆಯಿರಿ. ಅಕ್ಕಪಕ್ಕದ ಎರಡು ಉಪಕರಣಗಳ ಮಾಸ್ಕ್ ಅನುಪಾತ ಸೊನ್ನೆಯ ಹತ್ತಿರ ಇರುತ್ತದೆ, ನಿಜವಾದ ನಕಲಿನದು 1ರ ಹತ್ತಿರ. ನಡುವೆ ಗೊಂದಲವಿಲ್ಲ. ಈ ಹೋಲಿಕೆಯನ್ನು ವರ್ಗ ನೋಡದೆ ಮಾಡಬೇಕು. ಇಲ್ಲವಾದರೆ ಅದೇ ವಸ್ತು ಒಮ್ಮೆ ಕತ್ತರಿಯಾಗಿ, ಇನ್ನೊಮ್ಮೆ ಕ್ಲ್ಯಾಂಪ್ ಆಗಿ ಎರಡು ಸಲ ಎಣಿಕೆಯಾಗುತ್ತದೆ.

ಹಂತ 6: ಮಾಸ್ಕ್

ಸ್ಯಾಮ್ ಒಂದು ಸೂಚನೆಗೆ ಮೂರು ಮಾಸ್ಕ್ ಕೊಡಬಲ್ಲದು: ಇಡೀ ವಸ್ತು, ಭಾಗ, ಭಾಗದ ಭಾಗ. ಚೌಕಟ್ಟು ಕೊಡುವಾಗ ಒಂದೇ ಮಾಸ್ಕ್ ಬೇಕೆಂದು ಹೇಳಿ. ಹಾಗೂ ಕತ್ತರಿಯ ಒಂದು ಅಲಗು ಮಾತ್ರ ಬಂದರೆ, ತಿರುಗುಗೀಲಿನ ಮೇಲೆ ಒಂದು ಧನ ಬಿಂದು ('ಇದು ವಸ್ತು' ಎನ್ನುವ ಗುರುತು), ಎರಡು ಹಿಡಿಗಳ ಮೇಲೆ ಒಂದೊಂದು ಸೇರಿಸಿ. ಉಂಗುರದೊಳಗಿನ ಬಟ್ಟೆಯೂ ಮಾಸ್ಕಿಗೆ ಸೇರಿಕೊಳ್ಳುವುದು ಸಾಮಾನ್ಯ. ಆ ತೂತಿನ ನಡುವೆ ಒಂದು ಋಣ ಬಿಂದು ('ಇದು ವಸ್ತುವಲ್ಲ' ಎನ್ನುವ ಗುರುತು) ಇಟ್ಟರೆ ಬಿಟ್ಟುಕೊಡುತ್ತದೆ. ತೂತು ಸರಿಯಾಗಿ ಬಿಡಿಸಿಕೊಳ್ಳುವುದು ಅಂದಕ್ಕಲ್ಲ, ಮುಂದಿನ ಹಂತಕ್ಕೆ ಅದೇ ಆಧಾರ.

ಹಂತ 7: ಪಠ್ಯ ನಿಲ್ಲುವಲ್ಲಿಂದ ಮುಂದೆ

ಇಲ್ಲಿಗೆ ನಿಮ್ಮ ಕೈಯಲ್ಲಿರುವುದು 'ಉಂಗುರದ ಹಿಡಿಯ ಉಪಕರಣ', 'ಚಿಮಟ', 'ರಿಟ್ರ್ಯಾಕ್ಟರ್' ಎಂಬ ಮಟ್ಟದ ಗುರುತು. ಪಠ್ಯಕ್ಕೆ ಇದಕ್ಕಿಂತ ಹೆಚ್ಚು ಹೊರೆ ಹೊರಿಸಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಆಲಿಸ್ ಯಾವುದು, ಬ್ಯಾಬ್‌ಕಾಕ್ ಯಾವುದು ಎಂದು ಹೇಳುವುದು ತುದಿ.

ಮಾಸ್ಕಿನ ಪಿಕ್ಸೆಲ್‌ಗಳ ಮೇಲೆ ಪಿಸಿಎ (ಬಿಂದುಗಳು ಹೆಚ್ಚು ಹರಡಿರುವ ದಿಕ್ಕನ್ನು ಹುಡುಕುವ ಲೆಕ್ಕ) ಓಡಿಸಿದರೆ ಉಪಕರಣದ ಉದ್ದನೆಯ ಅಕ್ಷ ಸಿಗುತ್ತದೆ. ಅಕ್ಷದ ಎರಡು ಕೊನೆಗಳಲ್ಲಿ ತೂತುಗಳಿರುವುದು ಹಿಡಿ, ಇನ್ನೊಂದು ತುದಿ. ಚಿತ್ರವನ್ನು ತುದಿ ಮೇಲಾಗುವಂತೆ ತಿರುಗಿಸಿ, ಮೇಲಿನ ಕಾಲು ಭಾಗವನ್ನು ಮೂಲ ಫೋಟೊದಿಂದ ಕತ್ತರಿಸಿ. 1440 ಪಿಕ್ಸೆಲ್ಲಿನ ಕಾಲು ಭಾಗ 360. ಡೈನೊ ವಿ2ಗೆ ಬದಿಗಳು 14ರ ಗುಣಕವಾಗಿರಬೇಕು, ಆದ್ದರಿಂದ 364ಕ್ಕೆ ಹೊಂದಿಸಿ. ಮಿಲಿಮೀಟರಿಗೆ 8 ಪಿಕ್ಸೆಲ್ ಹಾಗೇ ಉಳಿದು ಈಗ ಹಲ್ಲು ಕಾಣುತ್ತದೆ. ಬ್ಯಾಬ್‌ಕಾಕ್‌ನ ಬಾಯಿ ದುಂಡಗೆ, ನಡುವೆ ಕಿಂಡಿ, ಹಲ್ಲಿಲ್ಲ. ಆಲಿಸ್‌ನದು ಅಂಚಿನುದ್ದಕ್ಕೂ ಬಾಚಣಿಗೆಯಂಥ ಹಲ್ಲು. ಕೋಕರ್‌ನ ಕೊನೆಯಲ್ಲಿ ಕೊಕ್ಕಿನಂತೆ ಒಂದು ಹಲ್ಲು, ಎದುರಿಗೆ ಎರಡು.

ಪ್ರತಿ ಉಪಕರಣದ ಹತ್ತು ಮಾದರಿ ತುದಿಚಿತ್ರಗಳನ್ನು ಇದೇ ಕ್ರಮದಲ್ಲಿ ಕತ್ತರಿಸಿ ಇಟ್ಟುಕೊಳ್ಳಿ. ಐದು ಬಾಯಿ ಮುಚ್ಚಿದ್ದು, ಐದು ತೆರೆದದ್ದು. ತಲೆಕೆಳಗಾಗಿ ಮಲಗಿಸಿದ್ದೂ ಇರಲಿ. ಬಾಗಿದ ತುದಿಯವು ಮಗುಚಿದಾಗ ಕನ್ನಡಿಬಿಂಬವಾಗುತ್ತವೆ. ಎಲ್ಲವನ್ನೂ ಡೈನೊ ವಿ2 ಮೂಲಕ ವೆಕ್ಟರ್ (ಹೋಲಿಸಲು ಬರುವ ಅಂಕಿಗಳ ಸಾಲು) ಮಾಡಿ, ಹೊಸ ತುದಿಯನ್ನು ಕೊಸೈನ್ ಹೋಲಿಕೆಯಿಂದ ಹತ್ತಿರದ ಮೂರಕ್ಕೆ ಹೋಲಿಸಿ. ಮೂರರಲ್ಲಿ ಎರಡು ಒಂದೇ ಹೆಸರು ಹೇಳದಿದ್ದರೆ 'ಗೊತ್ತಿಲ್ಲ' ಎಂದು ದಾಖಲಿಸಿ ಮನುಷ್ಯರಿಗೆ ಬಿಡಿ. ತರಬೇತಿ ಬೇಡ, ಹೊಸ ಉಪಕರಣ ಸೇರಿಸುವುದೆಂದರೆ ಹತ್ತು ಫೋಟೊ ಸೇರಿಸುವುದು ಅಷ್ಟೆ. ಡೈನೊ ವಿ2 ಬೇಡವೆಂದರೆ ಔಲ್ ವಿ2ರಲ್ಲಿ ಪಠ್ಯದ ಬದಲು ಒಂದು ಮಾದರಿ ಚಿತ್ರವನ್ನೇ ಪ್ರಶ್ನೆಯಾಗಿ ಕೊಡುವ ಸೌಲಭ್ಯವಿದೆ. ಹೆಸರಿಡಲಾಗದ ಉಪಕರಣಕ್ಕೆ ಅದು ಒಳ್ಳೆಯ ದಾರಿ.

ತುದಿಯೂ ಹೇಳದ ವ್ಯತ್ಯಾಸವನ್ನು ಅಳತೆ ಹೇಳುತ್ತದೆ. ಮೇಯೊ ಕತ್ತರಿಯ ಅಲಗು ದಪ್ಪ. ಮೆಟ್ಸೆನ್‌ಬಾಮ್‌ನಲ್ಲಿ ಹಿಡಿಯ ಕಾಲುಗಳು ಉದ್ದ, ಅಲಗು ಚಿಕ್ಕದು ಮತ್ತು ತೆಳು. ತಿರುಗುಗೀಲಿನಿಂದ ತುದಿಗೆ ಇರುವ ದೂರವನ್ನು ಒಟ್ಟು ಉದ್ದದಿಂದ ಭಾಗಿಸಿದ ಅನುಪಾತ ಎರಡನ್ನೂ ಬೇರ್ಪಡಿಸುತ್ತದೆ. ನೀಡಲ್ ಹೋಲ್ಡರಿಗೂ ಚಿಕ್ಕ ಬಾಯಿ, ಉದ್ದ ಕಾಲು, ಆದರೆ ಅದಕ್ಕೆ ಹಿಡಿಯ ಬಳಿ ರ್ಯಾಚೆಟ್ (ಬಿಗಿ ಹಿಡಿದು ನಿಲ್ಲಿಸುವ ಹಲ್ಲಿನ ಬೀಗ) ಇದೆ, ಕತ್ತರಿಗಿಲ್ಲ. ಬಂಗಾರ ಬಣ್ಣದ ಉಂಗುರ ಕಂಡರೆ ಸಾಮಾನ್ಯವಾಗಿ ಟಂಗ್‌ಸ್ಟನ್ ಕಾರ್ಬೈಡ್ ಅಳವಡಿಸಿದ ಬಾಯಿ ಅಥವಾ ಅಲಗು ಎಂದರ್ಥ. ಈ ಬಣ್ಣವನ್ನು ಮಾತ್ರ ಪಠ್ಯ ಪ್ರಾಂಪ್ಟ್ ಚೆನ್ನಾಗಿ ಹಿಡಿಯುತ್ತದೆ.

ಲ್ಯಾಪರೊಸ್ಕೋಪಿ ಚಿತ್ರಗಳಾದರೆ

ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ತೆಗೆದ ದೇಹದೊಳಗಿನ ದೃಶ್ಯದಲ್ಲಿ ಆಟದ ನಿಯಮವೇ ಬೇರೆ. ಹಿಡಿ ಕಾಣುವುದಿಲ್ಲ, ಫ್ರೇಮಿನ ಅಂಚಿನಿಂದ ಕೊಳವೆಯೊಂದು ಒಳಬಂದು ತುದಿ ಮಾತ್ರ ಕಾಣುತ್ತದೆ. ಅದರ ಮೇಲೆ ರಕ್ತ, ಹೊಗೆ, ಮಂಜು. 'ಗ್ರಾಸ್ಪರ್', 'ಬೈಪೋಲಾರ್' ಎಂಬ ಪ್ರಾಂಪ್ಟ್‌ಗಳು ಬಹುತೇಕ ವ್ಯರ್ಥ. 'ಮೆಟಲ್ ಇನ್‌ಸ್ಟ್ರುಮೆಂಟ್', 'ಬ್ಲ್ಯಾಕ್ ರಾಡ್ ವಿತ್ ಮೆಟಲ್ ಟಿಪ್' ಉಪಕರಣವಿದೆ ಎಂಬಷ್ಟನ್ನು ಹೇಳಬಲ್ಲವು. ಚಿತ್ರದ ಸುತ್ತಲಿನ ಕಪ್ಪು ವೃತ್ತವನ್ನು ಮೊದಲೇ ಕತ್ತರಿಸಿ. ಕ್ಯಾಮೆರಾ ಹೊರಗೆಳೆದಾಗಿನ ಫ್ರೇಮ್‌ಗಳಲ್ಲಿ ಕೋಣೆಯ ಜನರ ಮುಖ ಇರುತ್ತದೆ, ಅವನ್ನು ತೆಗೆಯಲೇಬೇಕು.

ಅಭ್ಯಾಸಕ್ಕೆ ಸಿಗುವ ದತ್ತಾಂಶಗಳಲ್ಲಿ ಕೊಲೆಕ್80 ಪ್ರಸಿದ್ಧ: ಪಿತ್ತಕೋಶ ತೆಗೆಯುವ 80 ಶಸ್ತ್ರಚಿಕಿತ್ಸೆಗಳ ವಿಡಿಯೊ, ಏಳು ಉಪಕರಣಗಳು, ಸೆಕೆಂಡಿಗೊಂದು ಫ್ರೇಮಿನಂತೆ ಗುರುತು. ಅದರಲ್ಲಿ ಉಪಕರಣ ಇದೆಯೋ ಇಲ್ಲವೋ ಎಂಬ ಗುರುತು ಮಾತ್ರ ಇದೆ, ಎಲ್ಲಿದೆ ಎಂಬುದಿಲ್ಲ. ಎಲ್ಲಿದೆ ಎಂಬುದೂ ಬೇಕಾದರೆ ಅದೇ ವಿಡಿಯೊಗಳ 8080 ಫ್ರೇಮ್‌ಗಳಿಗೆ ಪಿಕ್ಸೆಲ್ ಮಟ್ಟದ ಗುರುತು ಹಾಕಿದ ಕೊಲೆಕ್‌ಸೆಗ್8ಕೆ ಇದೆ, ಅಥವಾ ಡಾ ವಿಂಚಿ ರೋಬೊ ದೃಶ್ಯಗಳ ಎಂಡೊವಿಸ್ 2017 ಇದೆ. ಇಂಥ ದತ್ತಾಂಶಗಳ ಬಳಕೆಯ ಷರತ್ತು ಓದಿಯೇ ಮುಂದುವರಿಯಿರಿ, ವಾಣಿಜ್ಯ ಬಳಕೆಗೆ ಅನುಮತಿ ಇಲ್ಲದಿರುವುದು ಸಾಮಾನ್ಯ.

ಇಲ್ಲಿ ಪಠ್ಯ ಪ್ರಾಂಪ್ಟಿನ ನಿಜವಾದ ಉಪಯೋಗ ಕರಡು ಗುರುತು ಹಾಕುವುದರಲ್ಲಿದೆ. 'ಮೆಟಲ್ ಇನ್‌ಸ್ಟ್ರುಮೆಂಟ್' ಎಂದು ಕೇಳಿ ಬಂದ ಚೌಕಟ್ಟನ್ನು ಸ್ಯಾಮ್ 2ಗೆ ಕೊಟ್ಟರೆ ಮುಂದಿನ ಫ್ರೇಮ್‌ಗಳಲ್ಲಿ ಅದೇ ಹಿಂಬಾಲಿಸುತ್ತದೆ. ಹೆಸರನ್ನು ಕೈಯಲ್ಲಿ ತಿದ್ದಿ, ಆ ದತ್ತಾಂಶದಿಂದ ಯೋಲೊದಂಥ ಚಿಕ್ಕ ಮಾಡೆಲ್‌ಗೆ ತರಬೇತಿ ಕೊಡಿ. ಕೊನೆಗೆ ಓಡುವುದು ಆ ಚಿಕ್ಕ ಮಾಡೆಲ್. ವೇಗವಾಗಿ, ನಿಮ್ಮ ಉಪಕರಣಗಳನ್ನೇ ಕಲಿತು.

ಹಂತ 8: ಪರೀಕ್ಷೆ

ಕೈಯಲ್ಲಿ ಗುರುತು ಹಾಕಿದ 50ರಿಂದ 100 ಚಿತ್ರ ಸಾಕು, ಆದರೆ ಎರಡು ಪಾಲು ಮಾಡಿ. ಮಿತಿಗಳನ್ನೂ ಪ್ರಾಂಪ್ಟ್‌ಗಳನ್ನೂ ತಿದ್ದಲು ಒಂದು ಪಾಲು. ಕೊನೆಗೆ ಒಂದೇ ಸಲ ನೋಡಲು ಇನ್ನೊಂದು. ವಿಡಿಯೊ ಆದರೆ ಪಾಲು ಮಾಡುವುದು ವಿಡಿಯೊ ಲೆಕ್ಕದಲ್ಲಿ, ಫ್ರೇಮ್ ಲೆಕ್ಕದಲ್ಲಿ ಅಲ್ಲ. ಸೆಕೆಂಡಿನ ಅಂತರದ ಎರಡು ಫ್ರೇಮ್ ಅವಳಿಗಳಂತಿರುತ್ತವೆ, ಒಂದು ಈಚೆ ಇನ್ನೊಂದು ಆಚೆ ಬಿದ್ದರೆ ಬರುವ ಅಂಕ ಸುಳ್ಳು.

ವರ್ಗವಾರು ಎರಡು ಅಂಕಿ ಬರೆದುಕೊಳ್ಳಿ: ಇದ್ದವುಗಳಲ್ಲಿ ಎಷ್ಟು ಸಿಕ್ಕವು, ಸಿಕ್ಕವುಗಳಲ್ಲಿ ಎಷ್ಟು ಸರಿ. ಒಟ್ಟು ಸರಾಸರಿ ಮೋಸ ಮಾಡುತ್ತದೆ, ಹತ್ತು ಆರ್ಟರಿ ಫೋರ್ಸೆಪ್ಸ್ ಸರಿ ಬಂದ ಖುಷಿಯಲ್ಲಿ ತಪ್ಪಿಹೋದ ಒಂದು ಟವೆಲ್ ಕ್ಲಿಪ್ ಮುಚ್ಚಿಹೋಗುತ್ತದೆ.

ಇಲ್ಲದ್ದನ್ನು ಕೇಳುವ ಪರೀಕ್ಷೆಯನ್ನು ಬಿಡಲೇಬೇಡಿ. ಬರಿದಾದ ಟ್ರೇ, ಕತ್ತರಿ ಇಲ್ಲದ ಟ್ರೇ, ಚಮಚ ಮತ್ತು ಸ್ಪ್ಯಾನರ್ ಇಟ್ಟ ಟ್ರೇ ಹೀಗೆ ಹತ್ತು ಚಿತ್ರ ಇರಲಿ. ಪಠ್ಯ ಕೊಟ್ಟರೆ ಏನಾದರೂ ಹುಡುಕಿಯೇ ತೀರುವ ಚಾಳಿ ಈ ಮಾಡೆಲ್‌ಗಳಿಗಿದೆ, ಮುಖ್ಯವಾಗಿ ಗ್ರೌಂಡಿಂಗ್ ಡೈನೊಗೆ. ಇಲ್ಲದ ಕತ್ತರಿಗೆ ಬಂದ ಅತಿ ಹೆಚ್ಚಿನ ಸ್ಕೋರೇ 'ಸಿಸರ್ಸ್' ಪ್ರಾಂಪ್ಟಿನ ಮಿತಿಗೆ ಕೆಳಗಿನ ಗಡಿ.

ಶಸ್ತ್ರಚಿಕಿತ್ಸೆಯ ಮೊದಲು ಮತ್ತು ನಂತರದ ಉಪಕರಣ ಎಣಿಕೆಯನ್ನು ಈ ವ್ಯವಸ್ಥೆಗೆ ಒಪ್ಪಿಸುವಂತಿಲ್ಲ. ಫೋರ್ಸೆಪ್ಸಿನ ಕೆಳಗೆ ಅಡಗಿದ ಸೂಜಿ ಕ್ಯಾಮೆರಾಕ್ಕೆ ಕಾಣದು, ಕಾಣದ್ದಕ್ಕೆ ಸ್ಕೋರೂ ಇಲ್ಲ. ಇಬ್ಬರು ಬಾಯಿಬಿಟ್ಟು ಎಣಿಸುವ ಕ್ರಮ ಹಾಗೇ ಇರಬೇಕು. ಟ್ರೇ ಜೋಡಣೆಯ ತರಬೇತಿ, ದಾಸ್ತಾನು ಪಟ್ಟಿ, ದತ್ತಾಂಶಕ್ಕೆ ಗುರುತು ಹಾಕುವುದು, ಇವು ಇದರ ಜಾಗ.

ಪ್ರಾಂಪ್ಟ್ ಪಟ್ಟಿ, ಮಿತಿಗಳು, ಮಾಡೆಲ್ ತೂಕದ ಪೂರ್ಣ ಹೆಸರು, ಲೈಬ್ರರಿ ಆವೃತ್ತಿ ಇವಿಷ್ಟನ್ನೂ ಒಂದೇ ಫೈಲಿನಲ್ಲಿ ಇಡಿ. ಗ್ರೌಂಡಿಂಗ್ ಡೈನೊದ ಸಾಲಿಗೆ ಹೊಸ ಪದಗುಚ್ಛ ಸೇರಿಸಿದರೆ ಹಳೆಯ ಪದಗುಚ್ಛಗಳ ಸ್ಕೋರೂ ಅಲುಗಬಹುದು. ಆದ್ದರಿಂದ ಪದ ಬದಲಾದಾಗ, ದೀಪ ಬದಲಾದಾಗ, ಹಾಸು ಬಟ್ಟೆ ಹಸಿರಿನಿಂದ ನೀಲಿಯಾದಾಗ, ಇದಕ್ಕೆಂದೇ ಬೇರೆ ತೆಗೆದಿಟ್ಟ ಅದೇ 20 ಚಿತ್ರಗಳ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಓಡಿಸಿ, ಹಿಂದಿನ ಅಂಕಿಗಳ ಪಕ್ಕದಲ್ಲೇ ಬರೆದಿಡಿ.